ಕಿವಿಯ ಬಾಯಿಗೆ ಕೂರುವ ಮೈಕ್ ಆರಿಸಿದ್ದು

ಮೇಜಿನ ಮೇಲೆ ನಾಲ್ಕು ಬಗೆಯ ಮೈಕ್ ಕ್ಯಾಪ್ಸೂಲ್‌ಗಳಿವೆ. ಒಂದರ ಅಗಲ 10 ಮಿಮೀ. ಇನ್ನೊಂದು ಸುಮಾರು 6 ಮಿಮೀ. ಮೂರನೆಯದು 4 × 3 ಮಿಮೀ ಅಳತೆಯ ಚಪ್ಪಟೆ ಚಿಪ್. ಕೊನೆಯದು ಸುಮಾರು 2.6 ಮಿಮೀ ಅಗಲ, ಅಷ್ಟೇ ಉದ್ದದ ಪುಟ್ಟ ಉರುಳೆ. ಮೆಣಸಿನ ಕಾಳು ಇದಕ್ಕಿಂತ ದಪ್ಪ.

ಇವುಗಳಲ್ಲಿ ಒಂದು ಜೋಡಿಯನ್ನು ಎರಡೂ ಕಿವಿಯ ಬಾಯಿಗೆ ಕೂರಿಸಬೇಕು. ಸುತ್ತ ಬೇರೆ ಬೇರೆ ದಿಕ್ಕಿನಿಂದ ಸ್ಪೀಕರ್ ನುಡಿಸಬೇಕು. ತಲೆ, ಭುಜ, ಕಿವಿಯ ಹಾಲೆ ಸೇರಿ ಆ ಶಬ್ದವನ್ನು ಹೇಗೆ ತಿದ್ದುತ್ತವೆ ಅಂತ ದಾಖಲಿಸಬೇಕು. ಈ ದಾಖಲೆಗೆ ಹೆಡ್ ರಿಲೇಟೆಡ್ ಟ್ರಾನ್ಸ್‌ಫರ್ ಫಂಕ್ಷನ್, ಚಿಕ್ಕದಾಗಿ ಎಚ್‌ಆರ್‌ಟಿಎಫ್ ಅಂತಾರೆ. ನಮ್ಮದೇ ಕಿವಿಯ ದಾಖಲೆ ಕೈಲಿದ್ದರೆ ಹೆಡ್‌ಫೋನಿನ ಶಬ್ದವನ್ನು ತಲೆಯೊಳಗಿಂದ ಆಚೆ ತಂದು ಎದುರಿಗೋ ಬೆನ್ನ ಹಿಂದೋ ನಿಲ್ಲಿಸಬಹುದು.

ಕಿವಿಯಲ್ಲಿ ಅಳೆದದ್ದನ್ನು ಕೊನೆಗೆ ತಲೆಯಿಲ್ಲದೆ ಅಳೆದದ್ದರಿಂದ ಭಾಗಿಸಬೇಕಾಗುತ್ತೆ, ವಿವರ ಮುಂದೆ ಹೇಳ್ತೀನಿ. ಹಾಗಾಗಿ ಯಾವ ಮೈಕ್ ಅನ್ನೋ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ: ಭಾಗಾಕಾರದಲ್ಲಿ ಹೊಡೆದುಹೋಗೋ ದೋಷಕ್ಕೆ ಕಾಸು ಸುರಿಯಬೇಡಿ, ಹೊಡೆದುಹೋಗದ ದೋಷಕ್ಕೆ ಎಷ್ಟು ಬೇಕಾದರೂ ಸುರಿಯಿರಿ. ಅಂಗಡಿಯವರು ದೊಡ್ಡ ಅಕ್ಷರದಲ್ಲಿ ಬರೆದು ಹೊಗಳೋದೆಲ್ಲ ಹೆಚ್ಚುಕಡಿಮೆ ಮೊದಲ ಜಾತಿಯವು.

ಇದೆಲ್ಲ ಶುರುವಾದದ್ದು ತರಗತಿಯ ಒಂದು ಪ್ರಶ್ನೆಯಿಂದ. ನಮ್ಮ ಗೌರಿಬಿದನೂರಿನ ಸುತ್ತ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪಮಾಪಕಗಳ ಸಾಲು ಇದೆ. 1965ರಿಂದ ಇದೆ. ಎಲ್ ಆಕಾರದ ಎರಡು ತೋಳುಗಳಲ್ಲಿ 20 ಮಾಪಕಗಳು. ಎಲ್ಲೋ ದೂರದ ದೇಶದಲ್ಲಿ ನೆಲದಡಿ ಅಣುಬಾಂಬ್ ಪರೀಕ್ಷೆ ಆದರೆ ಆ ಕಂಪನ ಯಾವ ಮಾಪಕಕ್ಕೆ ಮೊದಲು, ಯಾವುದಕ್ಕೆ ಆಮೇಲೆ ತಟ್ಟಿತು ಅನ್ನೋ ವ್ಯತ್ಯಾಸದಿಂದ ದಿಕ್ಕು ಲೆಕ್ಕ ಹಾಕುತ್ತಾರೆ. ಕಿವಿಯೂ ಹೀಗೇ, ಎರಡೂ ಕಿವಿಗೆ ಶಬ್ದ ತಲುಪುವ ಸಮಯದ ವ್ಯತ್ಯಾಸ ನೋಡಿ ಎಡ ಬಲ ಹೇಳುತ್ತೆ ಅಂತ ಪಾಠ ಮಾಡಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸಾರ್, ಅಲ್ಲಿ ಎರಡು ತೋಳಿದೆ. ನಮಗಿರೋದು ಒಂದೇ ಗೆರೆ ಮೇಲೆ ಎರಡು ಕಿವಿ. ಹಂಗಾದ್ರೆ ಕಾಗೆ ಮರದ ಮೇಲಿದೆಯೋ ನೆಲದ ಮೇಲಿದೆಯೋ ಹೆಂಗೆ ಗೊತ್ತಾಗುತ್ತೆ?"

ಸರಿಯಾದ ಪ್ರಶ್ನೆ. ತಲೆಯನ್ನು 8.75 ಸೆಂಮೀ ತ್ರಿಜ್ಯದ ಗೋಳ ಅಂದುಕೊಂಡರೆ, ಪೂರ್ತಿ ಪಕ್ಕದಿಂದ ಬಂದ ಶಬ್ದಕ್ಕೆ ಎರಡು ಕಿವಿಗಳ ನಡುವೆ ಸುಮಾರು 656 ಮೈಕ್ರೋಸೆಕೆಂಡ್ ಅಂತರ. ನೇರ ಎದುರು, ನೇರ ಹಿಂದೆ, ನೆತ್ತಿಯ ಮೇಲೆ, ಈ ಮೂರಕ್ಕೂ ಅಂತರ ಸೊನ್ನೆ. ಸಮಯ ಇಲ್ಲಿ ಏನೂ ಹೇಳಲ್ಲ. ಹೇಳೋದು ಹಾಲೆಯ ಸುರುಳಿಗಳು. ಶಬ್ದ ಅವುಗಳಲ್ಲಿ ಬಡಿದು, ತಿರುಗಿ, ತನ್ನ ಮೇಲೇ ಬಿದ್ದು ಕೆಲವು ಕಂಪನಾಂಕಗಳನ್ನು ಅಳಿಸುತ್ತೆ. 6ರಿಂದ 10 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಬೀಳುವ ಆ ತಗ್ಗು ಶಬ್ದದ ಮೂಲ ಮೇಲೇರಿದಂತೆ ಜಾಗ ಬದಲಿಸುತ್ತೆ. 8 ಕಿಲೋಹರ್ಟ್ಸ್‌ನಲ್ಲಿ ಅಲೆಯ ಉದ್ದ 43 ಮಿಮೀ, ಹಾಲೆಯ ಒಳಬಟ್ಟಲಿಗೆ ಹೋಲಿಸಬಹುದಾದ ಅಳತೆ. ಆ ಬಟ್ಟಲಿನಲ್ಲಿ ಹೋಗಿ ಕೂರುವ ಯಾವ ವಸ್ತುವಾದರೂ ತಾನು ಅಳೆಯಬೇಕಾದದ್ದನ್ನೇ ಕೆಡಿಸುತ್ತೆ. ಮೈಕಿನ ಗಾತ್ರದ ತಲೆನೋವು ಹುಟ್ಟೋದು ಇಲ್ಲಿ.

ಕ್ಯಾಪ್ಸೂಲ್ ಆರಿಸೋ ಮೊದಲು ಅದನ್ನು ಎಲ್ಲಿ ಕೂರಿಸೋದು ಅಂತ ತೀರ್ಮಾನ ಆಗಬೇಕು. ಕಿವಿಯ ತಮಟೆಯ ಹತ್ತಿರ ಅಳೆಯೋದು ಒಂದು ದಾರಿ. ಅದಕ್ಕೆ ತೆಳ್ಳಗಿನ ಕೊಳವೆ ಒಳಗೆ ತೂರಿಸಬೇಕು, ತಮಟೆಗೆ ತಾಗುವ ಭಯ. ಮನೆಯಲ್ಲಿ ಮಾಡುವ ಕೆಲಸ ಅಲ್ಲವೇ ಅಲ್ಲ. ಇನ್ನೊಂದು ದಾರಿ, ನಾಳವನ್ನು ಬಾಯಿಯಲ್ಲೇ ಮುಚ್ಚಿ, ಆ ಮುಚ್ಚಳದ ಮೇಲ್ಮೈಗೆ ಸಮವಾಗಿ ಮೈಕ್ ಇಡೋದು. ನಾಳ ಮುಚ್ಚಿಬಿಟ್ಟರೆ ಕೇಳುವ ಶಬ್ದವೇ ಬೇರೆ ಆಗಲ್ವಾ ಅಂತ ಅನಿಸೋದು ಸಹಜ. ಆದರೆ ನಾಳದ ಅಗಲ 7-8 ಮಿಮೀ, ಉದ್ದ ಸುಮಾರು 25 ಮಿಮೀ. ಅಷ್ಟು ಕಿರಿದಾದ ಕೊಳವೆಯಲ್ಲಿ ಶಬ್ದ ಒಂದೇ ರೀತಿ ಸಾಗುತ್ತೆ, ಹೊರಗೆ ಯಾವ ದಿಕ್ಕಿನಿಂದ ಬಂದಿತ್ತು ಅನ್ನೋದು ಅಲ್ಲಿ ಲೆಕ್ಕಕ್ಕಿಲ್ಲ. ನಾಳ ಸೇರಿಸುವ ಬಣ್ಣ ಎಲ್ಲ ದಿಕ್ಕಿಗೂ ಒಂದೇ. ಡೆನ್ಮಾರ್ಕಿನ ಆಲ್ಬೋರ್ಗ್ ವಿಶ್ವವಿದ್ಯಾಲಯದ ಹ್ಯಾಮರ್ಶೋಯ್ ಮತ್ತು ಮೊಲ್ಲರ್ ಇದನ್ನು ಅಳೆದು 1996ರಲ್ಲಿ ಪ್ರಕಟಿಸಿದರು: ದಿಕ್ಕಿನ ಮಾಹಿತಿ ಅಷ್ಟೂ ಮುಚ್ಚಿದ ನಾಳದ ಬಾಯಲ್ಲೇ ಸಿಗುತ್ತೆ. ನನಗೆ ಅದು ಸಾಕು.

ಅಂದರೆ 7-8 ಮಿಮೀ ತೂತಿನ ಬಾಯಿ, ಅದರಲ್ಲಿ ಒಂದು ಬಿರಡೆ, ಬಿರಡೆಯ ನಡುವೆ ಮೈಕ್. ಈಗ ಒಂದೊಂದೇ ಕ್ಯಾಪ್ಸೂಲ್ ನೋಡೋಣ.

10 ಮಿಮೀಯದ್ದು ಪ್ರಿಮೋ ಕಂಪನಿಯ ಇಎಂ-172. ಹಕ್ಕಿಗಳ ದನಿ ಹಿಡಿಯೋರಿಗೆ ಪ್ರೀತಿಯ ಮೈಕ್. ಒಳಗಿನ ಸ್ವಂತ ಗದ್ದಲ ಬರೀ 14 ಡೆಸಿಬೆಲ್. ಇಲ್ಲಿ ಪ್ರಯೋಜನಕ್ಕಿಲ್ಲ. ನಾಳದ ಬಾಯಿಗಿಂತ ಮೈಕೇ ಅಗಲ, ಬಟ್ಟಲಿನಲ್ಲಿ ಕೂತು ಜಾಗ ತಿನ್ನುತ್ತೆ. ಆ ಬಟ್ಟಲಿನ ಒಟ್ಟು ಗಾತ್ರವೇ ಸುಮಾರು 4 ಘನ ಸೆಂಮೀ.

6 ಮಿಮೀಯಲ್ಲಿ ಎಲ್ಲರೂ ಹೇಳೋ ಹೆಸರು ಪ್ಯಾನಸಾನಿಕ್ ಡಬ್ಲ್ಯುಎಂ-61ಎ. ಅದರ ತಯಾರಿಕೆ ನಿಂತು ಕಾಲವಾಗಿದೆ. ಈಗ ಅದೇ ಹೆಸರಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಮಾರಾಟಕ್ಕಿರೋದನ್ನ ನಾನು ನಂಬಲ್ಲ. ಆನ್‌ಲೈನ್‌ನಲ್ಲಿ ತರಿಸಿದ ಒಂದು ಪೊಟ್ಟಣದಲ್ಲಿ ಒಂದಕ್ಕೊಂದು ಸಂಬಂಧವೇ ಇರಲಿಲ್ಲ, ಹಿಂಬದಿಯ ಬಿಲ್ಲೆಯ ಬಣ್ಣ ಕೂಡ ಬೇರೆ ಬೇರೆ. ಪ್ರಿಮೋದ ಇಎಂ-258 ಹೆಚ್ಚುಕಡಿಮೆ ಅದೇ ಅಗಲದ್ದು, ಸ್ವಂತ ಗದ್ದಲ ಕಡಿಮೆ, ನಂಬಬಹುದು. ಎಂಟು ಮಿಮೀ ಬಾಯಿಗೆ ಆರು ಮಿಮೀ ಮೈಕ್ ಹಿಡಿಯುತ್ತೆ, ನಿಜ. ಸುತ್ತ ಬಿರಡೆಗೆ ಉಳಿಯೋದು ಒಂದೊಂದು ಮಿಮೀ ಗೋಡೆ. ನನ್ನ ಬಲಗಿವಿ ಎಡಕ್ಕಿಂತ ಕಿರಿದು, ಅಲ್ಲಿ ಮೈಕ್ ಯಾವಾಗಲೂ ಒಂಚೂರು ಆಚೆ ಬಂದು ನಿಲ್ಲುತ್ತಿತ್ತು.

ಆ 'ಒಂಚೂರು' ಎಷ್ಟು ದುಬಾರಿ ಅಂತ ಲೆಕ್ಕ ಮಾಡಿ. ಮನುಷ್ಯನ ಕಿವಿ ಗುರುತಿಸಬಲ್ಲ ಅತಿ ಸಣ್ಣ ಸಮಯದ ಅಂತರ ಸುಮಾರು 10 ಮೈಕ್ರೋಸೆಕೆಂಡ್. ಅಷ್ಟರಲ್ಲಿ ಶಬ್ದ ಸಾಗೋದು 3.4 ಮಿಮೀ. ಒಂದು ಕಿವಿಯ ಮೈಕ್ ಮೂರು ಮಿಮೀ ಒಳಗೆ, ಇನ್ನೊಂದು ಬಾಯಿಗೆ ಸಮ ಅಂದರೆ, ಕಿವಿ ಹಿಡಿಯಬಲ್ಲ ಅಂತರದ ಹತ್ತಿರಕ್ಕೆ ನಾವೇ ತಪ್ಪು ಸೇರಿಸಿದ ಹಾಗೆ.

ಚಪ್ಪಟೆ ಚಿಪ್ ಅಂದರೆ ಮೆಮ್ಸ್ ಮೈಕ್, ಮೊಬೈಲ್‌ಗಳಲ್ಲಿ ಇರೋ ಜಾತಿ. ಇದರ ಮೇಲೆ ನನಗೆ ತುಂಬಾ ಆಸೆ ಇತ್ತು. ಒಂದಕ್ಕೊಂದು ಒಂದು ಡೆಸಿಬೆಲ್ ಒಳಗೆ ಹೊಂದುತ್ತವೆ, ಸೆಕೆಗೆ ಚಳಿಗೆ ಅಷ್ಟಾಗಿ ಬದಲಾಗಲ್ಲ. ಆದರೆ ಬಹುಪಾಲು ಚಿಪ್‌ಗಳಲ್ಲಿ ಶಬ್ದ ಹೋಗುವ ತೂತು ತಳದಲ್ಲಿರುತ್ತೆ. ತೂತಿಗೆ ಸರಿಯಾಗಿ ಕೊರೆದ ಪಿಸಿಬಿ (ಬಿಡಿಭಾಗ ಕೂರಿಸುವ ಸರ್ಕ್ಯೂಟ್ ಹಲಗೆ) ಬೇಕು, ಬಿಸಿಗಾಳಿಯಲ್ಲಿ ಕೂರಿಸಬೇಕು. ಪಿಸಿಬಿಯ ಅಂಚು ಸೇರಿದಾಗ ಮತ್ತೆ ಆರು ಮಿಮೀ ದಾಟುತ್ತೆ. ಹೆಸರಾದ ಇನ್ಫಿನಿಯನ್ ಐಎಂ69ಡಿ130 ತರಹದ್ದು ಡಿಜಿಟಲ್. ಮೆಗಾಹರ್ಟ್ಸ್ ಲೆಕ್ಕದ ಗಡಿಯಾರ ಸಂಕೇತವನ್ನು ಕೂದಲೆಳೆ ವೈರಿನಲ್ಲಿ ಕಿವಿಯವರೆಗೆ ಒಯ್ಯಬೇಕು. ಪಿಸಿಬಿ ಮಾಡಿಸಿ ತರಿಸಿಕೊಳ್ಳೋರಿಗೆ ಇದು ಒಳ್ಳೇ ದಾರಿ. ನನ್ನ ಕೆಲಸದ ಮೇಜಿಗೆ ಅಲ್ಲ.

ಉಳಿದದ್ದು ಮೆಣಸಿಗಿಂತ ಚಿಕ್ಕದು. ನೋಲ್ಸ್ ಕಂಪನಿಯ ಎಫ್‌ಜಿ-23329, ಹಿಯರಿಂಗ್ ಏಡ್‌ಗಳಿಗಾಗಿ ಮಾಡುವ ಜಾತಿ. ಎಚ್‌ಆರ್‌ಟಿಎಫ್ ಅಳೆಯುವ ಪ್ರಯೋಗಾಲಯಗಳಲ್ಲೂ ಬಳಕೆಯಲ್ಲಿದೆ. ಒಂದಕ್ಕೇ ಸಾವಿರಗಳ ಲೆಕ್ಕ. ವಿವರಪಟ್ಟಿ ನೋಡಿದರೆ ಮನಸ್ಸು ಹಿಂಜರಿಯುತ್ತೆ: 10 ಕಿಲೋಹರ್ಟ್ಸ್ ಆಚೆಗೆ ಭರವಸೆ ಕೊಡಲ್ಲ, ಗದ್ದಲ ಇಎಂ-172ಕ್ಕಿಂತ ಎಷ್ಟೋ ಜಾಸ್ತಿ, ಹೊರಗೆ ಬರೋ ವೋಲ್ಟೇಜ್ ತೀರಾ ಕಡಿಮೆ.

ಇಲ್ಲೇ ಭಾಗಾಕಾರ ಬರೋದು. ಎಚ್‌ಆರ್‌ಟಿಎಫ್ ಅಂದರೆ ಕಿವಿಯಲ್ಲಿ ಅಳೆದದ್ದನ್ನು, ತಲೆಯ ನಡುಬಿಂದು ಇದ್ದ ಜಾಗದಲ್ಲಿ ತಲೆಯೇ ಇಲ್ಲದಾಗ ಅಳೆದದ್ದರಿಂದ ಭಾಗಿಸಿದ್ದು. ಎರಡು ಸಲವೂ ಮೈಕ್ ಅದೇ, ಸ್ಪೀಕರ್ ಅದೇ, ಸಂಕೇತ ಹಿಗ್ಗಿಸುವ ಮಟ್ಟ (ಗೇನ್) ಅದೇ. ಮೈಕ್ 12 ಕಿಲೋಹರ್ಟ್ಸ್‌ನಲ್ಲಿ ಐದು ಡೆಸಿಬೆಲ್ ತಗ್ಗಿದ್ದರೆ ಮೇಲೂ ತಗ್ಗು, ಕೆಳಗೂ ತಗ್ಗು, ಹೊಡೆದುಹೋಯ್ತು. ಎಡ ಬಲ ಮೈಕ್‌ಗಳ ಸೂಕ್ಷ್ಮತೆ ಬೇರೆ ಬೇರೆ ಇದ್ದರೂ ಹೊಡೆದುಹೋಯ್ತು, ಆಯಾ ಮೈಕನ್ನು ಅದರದೇ ತಲೆಯಿಲ್ಲದ ಅಳತೆಯಿಂದ ಭಾಗಿಸಿದರೆ ಆಯ್ತು. ಗದ್ದಲದ ಚಿಂತೆಯೂ ಬೇಡ. ಸ್ಪೀಕರ್ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ನುಡಿಯುತ್ತೆ, ಬೆಳಗಿನ ಜಾವದ ತಾರಸಿಯ ಸದ್ದು ಮೈಕಿನ ಗದ್ದಲಕ್ಕಿಂತ ಮೇಲಿರುತ್ತೆ. ಕೆಳಗಿನಿಂದ ಮೇಲಕ್ಕೆ ಜಾರುವ ಸೈನ್ ಸ್ವೀಪ್ ಬಳಸಿದರೆ (ಇಟಲಿಯ ಏಂಜೆಲೋ ಫರೀನಾ 2000ದಲ್ಲಿ ತೋರಿಸಿಕೊಟ್ಟ ರೀತಿ) ಸ್ವೀಪ್ ಎರಡರಷ್ಟು ಉದ್ದವಾದಾಗಲೆಲ್ಲ 3 ಡೆಸಿಬೆಲ್ ಲಾಭ. ಜೊತೆಗೆ ಸ್ಪೀಕರಿನ ವಿಕೃತಿಯೂ ಬೇರೆಯಾಗಿ ಪಕ್ಕಕ್ಕೆ ಬೀಳುತ್ತೆ.

ಭಾಗಾಕಾರದಲ್ಲಿ ಹೋಗದೇ ಉಳಿಯೋದು ಮೈಕಿನ ಗಾತ್ರ ಹಾಲೆಗೆ ಮಾಡುವ ಅಡ್ಡಿ, ಕೂತ ಜಾಗ, ಎರಡು ಅಳತೆಗಳ ನಡುವೆ ಅದು ಅಲುಗಿದ್ದು. ತಲೆಯಿಲ್ಲದ ಅಳತೆಯಲ್ಲಿ ಇವು ಇರಲ್ಲ, ಕಿವಿಯಲ್ಲಿ ಇರುತ್ತವೆ. ಹಾಗಾಗಿ ಚಿಕ್ಕದೇ ಗೆದ್ದಿತು.

ಸಾವಿರಾರು ರೂಪಾಯಿ ಹಾಕೋ ಮೊದಲು ಕೈ ಪಳಗಲಿ ಅಂತ ಚಿಕ್ಕಬಳ್ಳಾಪುರದಲ್ಲಿ ಹಿಯರಿಂಗ್ ಏಡ್ ಅಂಗಡಿ ಇಟ್ಟಿರೋ ಗೆಳೆಯರ ಹತ್ತಿರ ಹೋದೆ. ರಿಪೇರಿಗೆ ಬಂದು ವಾಪಸ್ ಹೋಗದ ಹಳೆಯ ಸಾಧನಗಳ ಡಬ್ಬಿಯನ್ನೇ ಮುಂದೆ ಇಟ್ಟರು.

"ಮೇಷ್ಟ್ರೇ, ಇವೆಲ್ಲ ಸತ್ತಿರೋವು. ಒಳಗೆ ಮೈಕ್ ಬದುಕಿದ್ರೆ ನಿಮ್ಮ ಪುಣ್ಯ."

"ಬದುಕಿದ್ಯೋ ಇಲ್ವೋ ಹೆಂಗೆ ನೋಡೋದು?"

"ತೂತು ನೋಡಿ ಮೊದಲು. ಗುಗ್ಗೆ ತುಂಬಿದ್ರೆ ಮುಟ್ಟಲೇಬೇಡಿ. ಬೆವರು ಹೋಗಿರೋದೂ ಬೇಡ."

ಕಿವಿಯೊಳಗೇ ಕೂರುವ ಬಗೆಯ ಹಳೆಯ ಸಾಧನಗಳಲ್ಲಿ ಉರುಳೆ ಮೈಕ್ ಸಿಕ್ಕಿತು. ಕಿವಿಯ ಹಿಂದೆ ಕೂರುವವುಗಳಲ್ಲಿ ಒಂದರಲ್ಲೇ ಎರಡೆರಡು ಮೈಕ್, ಮುಂದಿನ ಮಾತನ್ನು ಮಾತ್ರ ಹಿಡಿಯಲಿ ಅಂತ ಕಂಪನಿಯವರೇ ಜೋಡಿ ಹೊಂದಿಸಿ ಹಾಕಿರುತ್ತಾರೆ. ಆದರೆ ಅವು ಆಯತಾಕಾರ, ಬಿರಡೆಗೆ ಒಗ್ಗಲಿಲ್ಲ. ಹಳೆಯವುಗಳ ಮೇಲೆ ಸೋಲ್ಡರ್ ಕಲಿತೆ, ನಿಜವಾದ ಅಳತೆಗೆ ಹೊಸ ಜೋಡಿಯನ್ನೇ ತರಿಸಿದೆ.

ಬಿರಡೆಯ ಕೆಲಸವನ್ನೂ ಅವರೇ ಮಾಡಿಕೊಟ್ಟರು. ಇದನ್ನು ಮಾತ್ರ ದಯವಿಟ್ಟು ಮನೆಯಲ್ಲಿ ಮಾಡಿಕೊಳ್ಳಬೇಡಿ. ಮೊದಲು ದೀಪ ಬಿಟ್ಟು ತಮಟೆ ಸರಿಯಿದೆಯಾ ನೋಡುತ್ತಾರೆ. ದಾರ ಕಟ್ಟಿದ ಸ್ಪಂಜಿನ ಚೂರನ್ನು ನಾಳದೊಳಗೆ ಇಟ್ಟು, ಸಿಲಿಕೋನ್ ಅದರಾಚೆ ಹೋಗದ ಹಾಗೆ ತಡೆ ಮಾಡುತ್ತಾರೆ. ಆಮೇಲೆ ಎರಡು ಬಗೆಯ ಸಿಲಿಕೋನ್ ಕಲಸಿ ಸಿರಿಂಜಿನಲ್ಲಿ ತುಂಬಿಸೋದು. ಆ ತಡೆ ಇಲ್ಲದೆ ಸಿಲಿಕೋನ್ ತಮಟೆಗೆ ಅಂಟಿದರೆ ಆಸ್ಪತ್ರೆಯೇ ಗತಿ. ಗಟ್ಟಿಯಾದ ಅಚ್ಚಿನಲ್ಲಿ ಹಾಲೆಯ ಬಟ್ಟಲಿಗೆ ಬಂದ ಭಾಗವನ್ನೆಲ್ಲ ಬ್ಲೇಡಿನಿಂದ ಕತ್ತರಿಸಿ, ನಾಳದ ಬಾಯಿಯ ಮಟ್ಟಕ್ಕೆ ಸಮ ಮಾಡಿದೆ. ನಡುವೆ 2.5 ಮಿಮೀ ತೂತು. ಮೈಕ್ ಬಿಗಿಯಾಗಿ ಕೂತಿತು. ಎಳೆದು ತೆಗೆಯಲು ಪಕ್ಕದಲ್ಲಿ ಒಂದು ನೈಲಾನ್ ದಾರ.

ವೈರು ಸತ್ತ ಇಯರ್‌ಫೋನಿನದು. ಒಳಗಿನ ಎಳೆಗಳಿಗೆ ವಾರ್ನಿಷ್ ಇರುತ್ತೆ, ಐರನ್ ತುದಿಯಲ್ಲಿ ಸೋಲ್ಡರ್ ಹನಿ ಮಾಡಿ ಅದರಲ್ಲಿ ಅದ್ದಿದರೆ ಸುಟ್ಟು ಹೋಗುತ್ತೆ. ಮೈಕಿನ ಬೆನ್ನಲ್ಲಿ ಮೂರು ಚುಕ್ಕೆ: ಪ್ಲಸ್, ಔಟ್‌ಪುಟ್, ಗ್ರೌಂಡ್. ಶಾಖ ಜಾಸ್ತಿ ಹತ್ತಿದರೆ ಒಳಗಿನ ಎಲೆಕ್ಟ್ರೆಟ್ ಪದರ (ವಿದ್ಯುತ್ ಚಾರ್ಜ್ ಹಿಡಿದಿಟ್ಟುಕೊಂಡಿರೋ ಹಾಳೆ) ತನ್ನ ಚಾರ್ಜ್ ಕಳೆದುಕೊಂಡು ಮೈಕ್ ಮಂಕಾಗುತ್ತೆ. ಆದ್ದರಿಂದ 183 ಡಿಗ್ರಿಗೇ ಕರಗುವ 63/37 ಸೋಲ್ಡರ್, ಸೂಜಿ ಮೊನೆಯ ಐರನ್, ಮೊದಲೇ ಸೋಲ್ಡರ್ ಬಳಿದ ವೈರು. ತಾಗಿಸಿ ಒಂದು ಸೆಕೆಂಡಿನಲ್ಲಿ ಎತ್ತಬೇಕು. ಇಯರ್‌ಫೋನ್ ವೈರಿನಿಂದ ಇನ್ನೊಂದು ಲಾಭ ಆಮೇಲೆ ಸಿಕ್ಕಿತು, ಹೇಳುತ್ತೇನೆ.

ಪವರ್‌ಗೆ ಗೆಳೆಯರು ಹಿಯರಿಂಗ್ ಏಡಿನ ಜಿಂಕ್ ಏರ್ ಸೆಲ್ ಹಾಕಿ ಅಂದರು, 1.4 ವೋಲ್ಟ್, ಈ ಮೈಕಿಗೆ ಹೇಳಿ ಮಾಡಿಸಿದ್ದು. ಆದರೆ ಮೇಲಿನ ಸ್ಟಿಕರ್ ಕಿತ್ತ ಮೇಲೆ ಬಳಸಲಿ ಬಿಡಲಿ ಕೆಲವು ವಾರಗಳಲ್ಲಿ ಒಣಗುತ್ತೆ. ನಾನು 1.2 ವೋಲ್ಟಿನ ರೀಚಾರ್ಜಬಲ್ ಎಎಎ ಸೆಲ್ ಹಾಕಿದೆ. ಮೈಕ್ ಎಳೆಯೋದು 50 ಮೈಕ್ರೋಆಂಪಿಯರಿನ ಒಳಗೆ, ಸೆಲ್ ಖಾಲಿಯಾಗೋ ಮಾತೇ ಇಲ್ಲ. ಔಟ್‌ಪುಟ್‌ಗೆ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್, ಅಲ್ಲಿಂದ ಯುಎಸ್‌ಬಿ ಆಡಿಯೋ ಇಂಟರ್‌ಫೇಸಿನ (ಶಬ್ದದ ಸಂಕೇತವನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆ) ಗಿಟಾರ್ ಇನ್‌ಪುಟ್‌ಗೆ. ಮೈಕ್ ಇನ್‌ಪುಟ್ ಬೇಡ, ಅದರ ಇಂಪೀಡೆನ್ಸ್ (ಸಂಕೇತಕ್ಕೆ ಒಡ್ಡುವ ತಡೆ) ಕಡಿಮೆ, ಸಂಕೇತವನ್ನು ಕುಗ್ಗಿಸುತ್ತೆ. ಸ್ಟುಡಿಯೋ ಮೈಕ್‌ಗಳಿಗೆ ವೈರಿನಲ್ಲೇ ಪವರ್ ಕಳಿಸುವ 48 ವೋಲ್ಟ್ ಫ್ಯಾಂಟಮ್ ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿಬಿಡಿ. 75 ಡೆಸಿಬೆಲ್‌ಗೆ ಈ ಮೈಕ್ ಕೊಡೋದು ಮಿಲಿವೋಲ್ಟಿನ ಕಾಲು ಭಾಗ. ಗೇನ್ ಹೆಚ್ಚೇ ಬೇಕು, ವೈರನ್ನು ಚಾರ್ಜರ್‌ಗಳಿಂದ ದೂರ ಇಡಬೇಕು.

ಎರಡು ಬೇರೆ ಬೇರೆ ಯುಎಸ್‌ಬಿ ಮೈಕ್ ಸಾಕಲ್ವಾ ಅಂತ ಕೇಳೋರಿಗೆ: ಸಾಲದು. ಎರಡರ ಒಳಗಿನ ಗಡಿಯಾರಗಳು ಹತ್ತು ಲಕ್ಷಕ್ಕೆ 20 ಭಾಗ ಬೇರೆ ಇದ್ದರೂ ಐದು ಸೆಕೆಂಡಿನ ಸ್ವೀಪ್ ಮುಗಿಯುವಾಗ 100 ಮೈಕ್ರೋಸೆಕೆಂಡ್ ಹಳಿ ತಪ್ಪಿರುತ್ತೆ.

ಅಳತೆ ತಾರಸಿಯಲ್ಲಿ, ಸುಪ್ರಭಾತದ ಲೌಡ್‌ಸ್ಪೀಕರ್ ಶುರುವಾಗೋ ಮೊದಲು. ಗೋಡೆಯಿಲ್ಲದ ಜಾಗ, ಇರೋದು ನೆಲವೊಂದೇ. ಕಿವಿಯೂ ಸ್ಪೀಕರೂ 1.2 ಮೀಟರ್ ಎತ್ತರ, ನಡುವೆ ಒಂದು ಮೀಟರ್. ನೆಲಕ್ಕೆ ಬಡಿದು ಬರುವ ಶಬ್ದದ ದಾರಿ 2.6 ಮೀಟರ್, ಅಂದರೆ ನೇರ ಶಬ್ದಕ್ಕಿಂತ ಸುಮಾರು 4.7 ಮಿಲಿಸೆಕೆಂಡ್ ತಡ. ಅಷ್ಟರೊಳಗಿನದ್ದನ್ನು ಮಾತ್ರ ಉಳಿಸಿ ಮಿಕ್ಕದ್ದು ಕತ್ತರಿಸಿದೆ. ಇದರಿಂದ 200 ಹರ್ಟ್ಸ್‌ಗಿಂತ ಕೆಳಗೆ ಏನೂ ತಿಳಿಯಲ್ಲ, ಅಲ್ಲಿ ತಲೆ ಶಬ್ದಕ್ಕೆ ಅಡ್ಡಿಯೇ ಅಲ್ಲದ ಕಾರಣ ನಷ್ಟವೂ ಇಲ್ಲ. ತಿರುಗುವ ಸ್ಟೂಲಿನ ಕೆಳಗೆ ಕೋನ ಗುರುತಿಸಿದ ರಟ್ಟು. ಹಳೆಯ ಕನ್ನಡಕದ ಫ್ರೇಮಿಗೆ ಕಟ್ಟಿದ ಲೇಸರ್ ದೀಪದ ಚುಕ್ಕೆ ಎದುರಿನ ನೀರಿನ ಟ್ಯಾಂಕಿನ ಗುರುತಿನ ಮೇಲೆ ನಿಂತರೆ ತಲೆ ಅಲುಗಿಲ್ಲ ಅಂತ ಅರ್ಥ.

ಬೆಳಗ್ಗೆಯೇ ಯಾಕೆ ಅನ್ನೋದಕ್ಕೆ ಸದ್ದಿಲ್ಲದಿರೋದು ಒಂದೇ ಕಾರಣವಲ್ಲ. 20 ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ನಮ್ಮ ಏಪ್ರಿಲ್ ಮಧ್ಯಾಹ್ನದ 35ರಲ್ಲಿ 352. ಪೂರ್ತಿ ಪಕ್ಕದ 656 ಮೈಕ್ರೋಸೆಕೆಂಡ್‌ನಲ್ಲಿ ಇದೊಂದೇ 17 ಮೈಕ್ರೋಸೆಕೆಂಡ್ ಕಿತ್ತುಕೊಳ್ಳುತ್ತೆ. ಅರ್ಧ ಅಳತೆ ಇವತ್ತು ಬೆಳಗ್ಗೆ, ಉಳಿದರ್ಧ ನಾಳೆ ಮಧ್ಯಾಹ್ನ ಅನ್ನೋ ಹಾಗಿಲ್ಲ.

ಫಲಿತಾಂಶದಲ್ಲಿ ನನಗೆ ಮುಖ್ಯವಾದದ್ದು ಒಂದೇ ಪರೀಕ್ಷೆ. ಅದೇ ದಿಕ್ಕು, ಅದೇ ಕಿವಿ, ಬಿರಡೆ ತೆಗೆದು ಮತ್ತೆ ಹಾಕಿ ಅಳೆಯೋದು. 6 ಮಿಮೀ ಮೈಕನ್ನು ಕತ್ತರಿಸಿದ ಫೋಮ್ ಇಯರ್‌ಪ್ಲಗ್‌ನಲ್ಲಿ ಕೂರಿಸಿದಾಗ 4 ಕಿಲೋಹರ್ಟ್ಸ್‌ವರೆಗೆ ಗೆರೆಗಳು ಒಂದರ ಮೇಲೊಂದು ಕೂತವು. 7ರ ಮೇಲೆ ಪ್ರತಿ ಸಲವೂ ಬೇರೆ ಚಿತ್ರ, ತಗ್ಗು ಅತ್ತಿತ್ತ ಓಡಾಡುತ್ತಿತ್ತು. ಎತ್ತರ ಹೇಳುವ ತಗ್ಗೇ ಅದು, ಅದೇ ನಿಲ್ಲದಿದ್ದರೆ ಮಿಕ್ಕದ್ದೆಲ್ಲ ಅಲಂಕಾರ. ಚಿಕ್ಕ ಮೈಕ್ ಮತ್ತು ಸಿಲಿಕೋನ್ ಅಚ್ಚು ಹಾಕಿದ ಮೇಲೆ ತಗ್ಗು ತನ್ನ ಜಾಗದಲ್ಲೇ ನಿಂತಿತು, ಸ್ಪೀಕರನ್ನು ಏಣಿಯ ಮೇಲೇರಿಸಿದಾಗ ಮಾತ್ರ ಸರಿಯಿತು. ಇದರಲ್ಲಿ ಮೈಕಿನ ಪಾಲೆಷ್ಟು, ಅಚ್ಚಿನ ಪಾಲೆಷ್ಟು? 6 ಮಿಮೀಯನ್ನೂ ಅಚ್ಚಿನಲ್ಲಿ ಕೂರಿಸಿ ನೋಡಿದೆ. ಎಡಗಿವಿಯಲ್ಲಿ ಎಷ್ಟೋ ಸುಧಾರಿಸಿತು, ಬಲಗಿವಿಯಲ್ಲಿ ಹಾಗೇ ಉಳಿಯಿತು. ನಾಳ ಅಗಲವಿರೋರು, ಕಾಸು ಕಡಿಮೆಯಿರೋರು ಮೊದಲು ಅಚ್ಚಿಗೆ ಖರ್ಚು ಮಾಡಿ, ಇಎಂ-258 ಹಾಕಿ ನೋಡಬಹುದು.

ಇಯರ್‌ಫೋನ್ ವೈರಿನ ಲಾಭ ಹೇಳ್ತೀನಿ ಅಂದಿದ್ದೆ. ಹೆಡ್‌ಫೋನಿಗೂ ತನ್ನದೇ ಬಣ್ಣ ಇರುತ್ತೆ, ಅದನ್ನೂ ಅಳೆದು ಕಳೆಯಬೇಕು. ಮೈಕ್‌ಗಳನ್ನು ಕಿವಿಯಲ್ಲೇ ಬಿಟ್ಟು ಮೇಲೆ ಹೆಡ್‌ಫೋನ್ ಹಾಕಿ ಅದೇ ಸ್ವೀಪ್ ನುಡಿಸಿದರೆ ಆಯ್ತು. ದಪ್ಪ ಶೀಲ್ಡ್ ವೈರಾದರೆ ಮೆತ್ತೆಯ ಕೆಳಗೆ ಸಂದಿ ಬಿಟ್ಟು ಬಾಸ್ ಸೋರಿಹೋಗುತ್ತೆ. ಈ ತೆಳ್ಳಗಿನ ವೈರನ್ನು ಕಿವಿಯ ಕೆಳಗಿನ ಕಚ್ಚಿನಿಂದ ಇಳಿಸಿ ಕತ್ತಿಗೆ ಟೇಪ್ ಹಾಕಿದರೆ ಮೆತ್ತೆಗೆ ಅದು ಇರೋದೇ ಗೊತ್ತಾಗಲ್ಲ.

10 ಮಿಮೀ ಇಎಂ-172 ಜೋಡಿಯನ್ನು ಮಾರಿಲ್ಲ. ಅವನ್ನು ಟೋಪಿಯ ಎರಡು ಬದಿಗೆ ಹೊಲಿದು ಕೆರೆ ದಂಡೆಯ ಹಕ್ಕಿಗಳ ದನಿಗೆ ಇಟ್ಟಿದ್ದೇನೆ. ರೆಕಾರ್ಡಿಂಗಿನಲ್ಲಿ ಭಾಗಾಕಾರ ಇಲ್ಲ, ಸ್ವೀಪ್ ಇಲ್ಲ, ಮೈಕಿನ ಸ್ವಂತ ಗದ್ದಲ ಅಷ್ಟೂ ಕೇಳುತ್ತೆ. ಅಲ್ಲಿ 14 ಡೆಸಿಬೆಲ್‌ಗೆ ಕೊಟ್ಟ ದುಡ್ಡು ದಂಡವಲ್ಲ.

ಮೊನ್ನೆ ಅಂಗಡಿಯ ಗೆಳೆಯರು ಫೋನ್ ಮಾಡಿ, "ನಮ್ ಕಿವೀನೂ ಒಂದ್ಸಲ ಅಳೀರಿ ಮೇಷ್ಟ್ರೇ" ಅಂದರು. ಅಚ್ಚು ಅವರೇ ತೆಗೆದುಕೊಳ್ಳೋ ಹಾಗಿಲ್ಲ, ಅಂಗಡಿಯ ಹುಡುಗನ ಕೈಲಿ ತೆಗೆಸಿಕೊಂಡು ತರುತ್ತಾರಂತೆ. ಅಚ್ಚು ಅವರವರದೇ ಆಗಬೇಕು, ಮೈಕ್ ಮಾತ್ರ ಒಂದರಿಂದ ಕಿತ್ತು ಇನ್ನೊಂದಕ್ಕೆ ಹಾಕಬಹುದು. ಹಾಕೋ ಮೊದಲು ಅಚ್ಚನ್ನು ಸ್ಪಿರಿಟ್‌ನಲ್ಲಿ ಒರೆಸಬೇಕು, ಮೈಕಿನ ತೂತಿಗೆ ಹನಿಯೂ ತಾಗಬಾರದು. ಬಿರಡೆ ಬದಲಾದರೂ ತಲೆಯಿಲ್ಲದ ಅಳತೆಯನ್ನು ಅವತ್ತಿನ ಬೆಳಗ್ಗೆಯೇ ಹೊಸದಾಗಿ ತೆಗೆಯುತ್ತೇನೆ.